ನಾನು ಮಸಾಲೆ ಅರೆಯುವುದಿಲ್ಲ

ಗಂಡಸರು ಹೇಳುವ ಬೇಟೆಯ ಕಥೆಗಳು ಸಾಮಾನ್ಯವಾಗಿ ಹಕ್ಕಿ ನೆಲಕ್ಕೆ ಬಿದ್ದಲ್ಲಿಗೆ ಮುಗಿಯುತ್ತವೆ. ಗುರಿ ಹೇಗೆ ಹಿಡಿದದ್ದು, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಜೊತೆಗಿದ್ದವನು ಕೆಮ್ಮಿ ಹೇಗೆ ಎಲ್ಲ ಹಾಳು ಮಾಡಲಿದ್ದ ಎಂಬುದೆಲ್ಲ ಬಣ್ಣ ಬಣ್ಣವಾಗಿ ಬರುತ್ತದೆ. ಕೊನೆಗೆ 'ದೊಪ್ಪನೆ ಬಿತ್ತು ನೋಡು' ಎಂದು ಕಥೆ ನಿಲ್ಲುತ್ತದೆ. ಹೆಂಗಸರಾದ ನಮಗೆ ಕಥೆ ಶುರುವಾಗುವುದೇ ಅಲ್ಲಿಂದ. ಬಿಸಿನೀರು ಕಾಯಿಸಬೇಕು, ಪುಕ್ಕ ಕೀಳಬೇಕು, ಕರುಳು ತೆಗೆಯಬೇಕು, ಉಳಿದ ರೋಮವನ್ನು ಉರಿಯ ಮೇಲೆ ಹಿಡಿದು ಸುಡಬೇಕು, ಮಸಾಲೆ ಅರೆಯಬೇಕು, ರಾತ್ರಿ ಹತ್ತು ಗಂಟೆಯವರೆಗೆ ಒಲೆ ಕಾಯಬೇಕು. ಈ ಭಾಗವನ್ನು ಯಾರೂ ಕಥೆ ಮಾಡಿ ಹೇಳಿದ್ದು ನಾನು ಕೇಳಿಲ್ಲ. ಆದ್ದರಿಂದ ನಾನೇ ಹೇಳಲು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಸ್ಯಾಹಾರಿಯಲ್ಲ, ಪ್ರಾಣಿದಯೆಯ ಉಪದೇಶ ಮಾಡುವ ಯೋಗ್ಯತೆಯೂ ನನಗಿಲ್ಲ. ತೀರ್ಥಹಳ್ಳಿ ಕಡೆಯ ಒಕ್ಕಲುಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅಪ್ಪನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಮಳೆಗಾಲ ಕಳೆದ ಮೇಲೆ ಎಂದಾದರೊಂದು ದಿನ ಕಾಡುಕೋಳಿಯೋ ಮೊಲವೋ ಮನೆಗೆ ಬರುತ್ತಿತ್ತು. ನಾವು ಮಕ್ಕಳು ಬಾಯಿ ಚಪ್ಪರಿಸಿ ತಿಂದಿದ್ದೇವೆ. ತಿನ್ನುವಾಗ ಹಲ್ಲಿಗೆ ಚರೆ ಸಿಕ್ಕಿದರೆ ತಟ್ಟೆಯ ಅಂಚಿನಲ್ಲಿ ಟಣ್ ಎಂದು ಇಟ್ಟು, ಯಾರಿಗೆ ಹೆಚ್ಚು ಸಿಕ್ಕಿತೆಂದು ಲೆಕ್ಕ ಹಾಕಿ ನಕ್ಕಿದ್ದೇವೆ. ಆಗಲೂ ಕಾಯ್ದೆ ಇತ್ತು. 1972ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಅದು ನಮ್ಮ ಊರಿನ ಸಾರ ದಾಟಿ ಬಂದಿರಲಿಲ್ಲ ಅಷ್ಟೆ.

ಆದರೆ ಅಪ್ಪನ ಬೇಟೆಗೆ ಒಂದು ಲಗಾಮು ಇತ್ತು. ಅದು ಕಾಯ್ದೆಯ ಲಗಾಮಲ್ಲ, ಖರ್ಚಿನ ಲಗಾಮು. ಮದ್ದು, ಚರೆ, ಕೇಪು ಎಲ್ಲಕ್ಕೂ ದುಡ್ಡು ಬೇಕು, ಪೇಟೆಗೆ ಹೋಗಬೇಕು. ಒಂದು ಈಡು ತುಂಬುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ಅಂಗಳದಲ್ಲಿ ಬತ್ತ ಹೆಕ್ಕುವ ಬೆಳವದ ಹಕ್ಕಿಯನ್ನು ತೋರಿಸಿ 'ಹೊಡಿ ಅಪ್ಪಯ್ಯಾ' ಎಂದು ನಾವು ಕುಣಿದರೆ, 'ಒಂದು ಈಡು ಖರ್ಚು ಮಾಡೋಕೆ ಅದರಲ್ಲಿ ಏನಿದೆ ಮಣ್ಣು' ಎಂದು ನಗುತ್ತಿದ್ದರು. ಬೆಳವ ಉಳಿದದ್ದು ಅಪ್ಪನ ಕರುಣೆಯಿಂದಲ್ಲ, ಜಿಪುಣತನದಿಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

2022ರ ಫೆಬ್ರವರಿಯಲ್ಲಿ ತಮ್ಮನ ಮಗ ಏರ್‌ಗನ್ ಕೊಂಡ. ಓದು ಮುಗಿಸಿ ತೋಟ ನೋಡಿಕೊಂಡಿರುವ ಹುಡುಗ. ಕೆಟ್ಟವನಲ್ಲ. ನಾನು ತವರಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿಗೆ ಬೈಕು ತಂದು ನಿಲ್ಲುವವನು ಅವನೇ. 'ಅತ್ತೆ, ಇದಕ್ಕೆ ಲೈಸೆನ್ಸೇ ಬೇಡ. ಎಲ್ಲಾ ಸೇರಿ ಐದು ಸಾವಿರದೊಳಗೆ ಆಯ್ತು' ಎಂದು ಹೆಮ್ಮೆಯಿಂದ ತೋರಿಸಿದ. ನಳಿಗೆಯನ್ನು ಮಡಚಿ ಒತ್ತಿದರೆ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ. ಟ್ರಿಗರ್ ಎಳೆದರೆ ಸ್ಪ್ರಿಂಗು ಬಿಟ್ಟುಕೊಂಡು ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಸೀಸದ ಗುಂಡನ್ನು ತಳ್ಳುತ್ತದೆ. ಮದ್ದಿಲ್ಲ, ಹೊಗೆಯಿಲ್ಲ, ಊರಿಗೆ ಕೇಳುವ ಸದ್ದಿಲ್ಲ. ಗುಂಡು ಎಷ್ಟು ದೊಡ್ಡದು ಎನ್ನುತ್ತೀರಿ? ಒಂದು ಕೊತ್ತಂಬರಿ ಬೀಜದಷ್ಟು. ತೂಕ ಅರ್ಧ ಗ್ರಾಂ ಆಸುಪಾಸು. ನೂರಾರು ಗುಂಡಿನ ಒಂದು ಡಬ್ಬಿಗೆ, ಸೀರೆಗೆ ಫಾಲ್ ಹಚ್ಚಿಸಿ ಝಿಗ್‌ಜ್ಯಾಗ್ ಮಾಡಿಸಿದಷ್ಟು ಖರ್ಚು.

ಅವನು ಹೇಳಿದ್ದು ಸುಳ್ಳಲ್ಲ. 2016ರ ಆಯುಧ ನಿಯಮಗಳ ಪ್ರಕಾರ, ನಳಿಗೆಯ ಅಳತೆ .177 ಅಂಗುಲ ಅಂದರೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಆದರೆ ಅವನು, ಅವನಂಥ ಸಾವಿರಾರು ಹುಡುಗರು ಇದರಿಂದ ಮಾಡಿಕೊಂಡ ಅರ್ಥವೇ ಬೇರೆ. ಗನ್ನಿಗೆ ಲೈಸೆನ್ಸ್ ಬೇಡ ಎಂದರೆ ಬೇಟೆಗೂ ಬೇಡ ಎಂದುಕೊಂಡಿದ್ದಾರೆ. ಮನೆಯಲ್ಲಿ ಈಳಿಗೆಮಣೆ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ, ಹಾಗೆಂದು ಪಕ್ಕದ ಮನೆಯ ಕೋಳಿಯ ಕುತ್ತಿಗೆ ಕೊಯ್ಯಬಹುದೇ?

ಬೇಟೆಯ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. 1972ರ ಕಾಯ್ದೆಯಲ್ಲಿ ಮೊದಲು 'ಸಣ್ಣ ಬೇಟೆ', 'ದೊಡ್ಡ ಬೇಟೆ' ಎಂದು ಪರವಾನಗಿ ಪಡೆದು ಹೊಡೆಯುವ ದಾರಿ ಇತ್ತು. 1991ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿತು. ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದು, ಹಿಡಿಯುವುದು, ಹಾಗೆ ಮಾಡಲು ಪ್ರಯತ್ನಿಸುವುದು, ಹಕ್ಕಿಯ ಮೊಟ್ಟೆ ಗೂಡು ಕೆಡಿಸುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿಯಾದ ಮೇಲೆ ಸಾಮಾನ್ಯ ಅಪರಾಧಕ್ಕೇ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಮಗೆ ಸಂಬಂಧಪಟ್ಟ ಮಾತು ಇನ್ನೊಂದಿದೆ. ಹಾಗೆ ಹೊಡೆದ ಪ್ರಾಣಿಯ ಮಾಂಸವೂ ಸರ್ಕಾರದ ಸೊತ್ತು, ಅದನ್ನು ಇಟ್ಟುಕೊಳ್ಳುವುದೂ ತಪ್ಪು. ಅಂದರೆ ಸಾಕ್ಷಿ ಎಲ್ಲಿರುತ್ತದೆ? ನಮ್ಮ ಅಡಿಗೆಮನೆಯಲ್ಲಿ, ನಮ್ಮ ಪಾತ್ರೆಯಲ್ಲಿ, ನಮ್ಮ ಫ್ರಿಜ್ಜಿನಲ್ಲಿ.

ಗನ್ ಕೊಂಡ ಎರಡು ವಾರಕ್ಕೆ ನಾನು ಮತ್ತೆ ತವರಿಗೆ ಹೋಗಿದ್ದೆ. ಸಂಜೆ ಹುಡುಗ ಒಂದು ಪ್ಲಾಸ್ಟಿಕ್ ಚೀಲ ತಂದು ಅಡಿಗೆಕಟ್ಟೆಯ ಮೇಲಿಟ್ಟ. 'ಅತ್ತೆ, ಅಮ್ಮನಿಗೆ ಸೊಂಟನೋವು. ನೀವು ಮಾಡಿದ ಹಾಗೆ ಯಾರಿಗೂ ಬರಲ್ಲ' ಎಂದ. ಹೊಗಳಿಕೆಗೆ ಸೋಲದ ಹೆಂಗಸು ಯಾರು? ಚೀಲ ಬಿಚ್ಚಿದೆ. ಎರಡು ಬೆಳವ, ಒಂದು ಮಂಗಟ್ಟೆ ಹಕ್ಕಿ. ನಮ್ಮ ಕಡೆಯ ತೋಟಗಳಲ್ಲಿ ಗಹಗಹಿಸಿ ನಕ್ಕಂತೆ ಕೂಗುವ ಬೂದುಬಣ್ಣದ ಮಂಗಟ್ಟೆ. ಕೊಕ್ಕು ಕಿತ್ತಳೆ ಬಣ್ಣಕ್ಕಿತ್ತು. ಬೆಳವಗಳಲ್ಲಿ ಒಂದಕ್ಕೆ ಇನ್ನೂ ಜೀವವಿತ್ತು. ಗುಂಡು ಅದರ ಹೊಟ್ಟೆಗೆ ತಗುಲಿತ್ತು. ಚೀಲದೊಳಗೆ ಎಷ್ಟು ಹೊತ್ತಿನಿಂದ ಹಾಗೆ ಇತ್ತೋ. ಅದರ ಕುತ್ತಿಗೆ ತಿರುಚಿದವಳು ನಾನು.

ಅವತ್ತು ನಾನು ಮಸಾಲೆ ಅರೆದೆ. ಇದನ್ನು ಮುಚ್ಚಿಡುವುದಿಲ್ಲ. ಅರೆದೆ, ಬೇಯಿಸಿದೆ, ಬಡಿಸಿದೆ. ಎಲ್ಲರೂ ಚಪ್ಪರಿಸಿದರು. ತಮ್ಮನ ಮೊಮ್ಮಗಳು, ಐದು ವರ್ಷದ ಕೂಸು, ಬಾಯಿಂದ ಏನನ್ನೋ ತೆಗೆದು 'ಅಜ್ಜೀ, ಕಲ್ಲು' ಎಂದು ನನ್ನ ಅಂಗೈ ಮೇಲಿಟ್ಟಳು. ಚಪ್ಪಟೆಯಾದ ಸೀಸ. ನಮ್ಮ ಬಾಲ್ಯದಲ್ಲಾದರೆ ಎಲ್ಲರೂ ನಗುತ್ತಿದ್ದೆವು. ಇವತ್ತು ಸೀಸದ ವಿಷಯ ಗೊತ್ತಿದೆ. ರಕ್ತದಲ್ಲಿ ಇಷ್ಟರವರೆಗೆ ಸೀಸ ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಕೆಡುಕು. ಪೆಟ್ರೋಲಿನಿಂದ ಸೀಸ ತೆಗೆಸಲು ದೇಶ ದೇಶಗಳು ಕಾನೂನು ಮಾಡಿದವು. ನಾವು ಅದನ್ನು ಸಾರಿನಲ್ಲಿ ಬೇಯಿಸಿ ಕೂಸಿಗೆ ಬಡಿಸುತ್ತಿದ್ದೇವೆ.

ಮಂಗಟ್ಟೆಯ ಕಥೆ ತಿಳಿದದ್ದು ಒಂದು ವಾರದ ಮೇಲೆ. ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ಹಕ್ಕಿಗಳ ಹುಚ್ಚು. ಮಾತಿನ ನಡುವೆ ಹೇಳಿದೆ. ಅವರು ಬೈಯಲಿಲ್ಲ. 'ಕೊಕ್ಕು ಯಾವ ಬಣ್ಣ?' ಎಂದು ಕೇಳಿದರು. 'ಕಿತ್ತಳೆ' ಎಂದೆ. 'ಹಾಗಾದರೆ ಗಂಡು' ಎಂದು ಸುಮ್ಮನಾದರು. ಆಮೇಲೆ ನಿಧಾನವಾಗಿ ವಿವರಿಸಿದರು. ಮರಿ ಮಾಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೋಗಿ, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತು ಮೊಟ್ಟೆ ಇಡುತ್ತದೆ, ಕಾವು ಕೊಡುತ್ತದೆ, ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಅಷ್ಟು ದಿನವೂ ಗಂಡು ಹಣ್ಣು, ಹುಳ ತಂದು ಆ ಸೀಳಿನಿಂದ ಉಣಿಸಬೇಕು. ಹೆಣ್ಣಿಗೂ ಮರಿಗೂ ಬೇರೆ ಗತಿಯಿಲ್ಲ. ಸಹ್ಯಾದ್ರಿಯ ಕಾಡು ಬಿಟ್ಟರೆ ಈ ಬೂದು ಮಂಗಟ್ಟೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಫೆಬ್ರವರಿ, ಮಾರ್ಚ್ ಅದರ ಬಾಣಂತನದ ಕಾಲ.

ನನಗೆ ಇದನ್ನು ಕೇಳಿ ಏನಾಯಿತೆಂದು ಬರೆಯಲು ಹೋದರೆ ಅತಿಯಾದೀತು. ನೀವೂ ಬಾಣಂತನ ಕಂಡವರು, ನಿಮಗೇ ಗೊತ್ತಾಗುತ್ತದೆ. ಮರುದಿನ ಫೋನು ಮಾಡಿ ಹುಡುಗನಿಗೆ ಹೇಳಿದೆ. ಅವನು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಎರಡು ದಿನ ತೋಟದ ಮೇಲ್ಬದಿಯ ಕಾಡಿನಲ್ಲಿ ಪೊಟರೆ ಇರುವ ಮರಗಳನ್ನೆಲ್ಲ ಹುಡುಕಿದ. ಸಿಗಲಿಲ್ಲ. ಆ ಗೂಡು ಎಲ್ಲಿತ್ತೋ, ಇತ್ತೋ ಇಲ್ಲವೋ, ನಮಗೆ ಇವತ್ತಿಗೂ ಗೊತ್ತಿಲ್ಲ.

ಈ ವಿಷಯ ಎತ್ತಿದಾಗ ಮನೆಯಲ್ಲಿ ಬಂದ ವಾದಗಳನ್ನೂ ಬರೆಯಬೇಕು, ಇಲ್ಲದಿದ್ದರೆ ಏಕಪಕ್ಷೀಯವಾಗುತ್ತದೆ. ತಮ್ಮ ಹೇಳಿದ: 'ಏರ್‌ಗನ್ ಕಣಕ್ಕ, ಆಟದ ಸಾಮಾನು. ಅದಕ್ಕೆ ಇಷ್ಟು ದೊಡ್ಡ ಭಾಷಣ ಮಾಡ್ತೀಯಲ್ಲ.' ಆಟದ ಸಾಮಾನಾದರೆ ಹಕ್ಕಿ ಸತ್ತದ್ದು ಹೇಗೆ? ಮಕ್ಕಳ ಕಣ್ಣಿಗೆ ಏರ್‌ಗನ್ ಗುಂಡು ತಗುಲಿ ದೃಷ್ಟಿ ಹೋದ ಪ್ರಕರಣಗಳು ಕಣ್ಣಿನ ವೈದ್ಯರಿಗೆ ಹೊಸದಲ್ಲ. ಗಟ್ಟಿ ಮರಕ್ಕೋ ಕಲ್ಲಿಗೋ ತಗುಲಿದರೆ ಗುಂಡು ತಿರುಗಿ ಚಿಮ್ಮುತ್ತದೆ. ಹಾಗೆಂದು ಬೇಟೆಗೆ ಸಾಲುವಷ್ಟು ಶಕ್ತಿಯೂ ಅದರಲ್ಲಿಲ್ಲ. ಸಣ್ಣ .22 ರೈಫಲಿನ ಗುಂಡಿಗೂ ಇದರ ಐದು ಪಟ್ಟಿಗಿಂತ ಹೆಚ್ಚು ಶಕ್ತಿಯಿದೆ. ಆದ್ದರಿಂದಲೇ ಏರ್‌ಗನ್ ಬೇಟೆಯಲ್ಲಿ ಕೊಲ್ಲುವುದಕ್ಕಿಂತ ಗಾಯ ಮಾಡಿ ಬಿಡುವುದು ಸುಲಭ. ಚೀಲಕ್ಕೆ ಬಂದದ್ದು ಮೂರು. ಗುಂಡು ಹೊತ್ತುಕೊಂಡು ಹಾರಿಹೋಗಿ ಪೊದೆಯಲ್ಲಿ ಬಿದ್ದು ಸತ್ತದ್ದೆಷ್ಟೋ, ಅದು ಯಾರ ಕಥೆಯಲ್ಲೂ ಬರುವುದಿಲ್ಲ.

ಹುಡುಗ ಹೇಳಿದ: 'ಇಂಗ್ಲೆಂಡಲ್ಲಿ ಎಲ್ಲಾ ಹೊಡೀತಾರೆ ಅತ್ತೆ, ವಿಡಿಯೋ ನೋಡಿ.' ನೋಡಿದೆ. ಅವರು ಹೊಡೆಯುವುದು ಹೆಚ್ಚಾಗಿ ಮೊಲ ಮತ್ತು ಕಾಡುಪಾರಿವಾಳ. ಅಲ್ಲಿ ಅವು ಬೆಳೆಗೆ ಪಿಡುಗು ಎಂದು ಕಾನೂನೇ ಒಪ್ಪಿದೆ. ಅಲ್ಲೂ ಪರವಾನಗಿಯಿಲ್ಲದ ಏರ್‌ರೈಫಲಿಗೆ 12 ಅಡಿ-ಪೌಂಡಿನ ಮಿತಿಯಿದೆ. ಜಮೀನಿನ ಯಜಮಾನನ ಒಪ್ಪಿಗೆ ಬೇಕು. ಅವರಲ್ಲಿ ಸರಿಯಾದವರು ಕಾಗದದ ಗುರಿಯ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಮೂವತ್ತು ಮೀಟರಿನ ಆಸುಪಾಸಿನಲ್ಲಿ ನಾಣ್ಯದಷ್ಟು ಜಾಗಕ್ಕೆ ಗುಂಡು ಬೀಳುತ್ತದೆಂದು ಖಾತ್ರಿಯಾದ ಮೇಲೆ ತಲೆಗೇ ಗುರಿಯಿಡುತ್ತಾರೆ. ನಮ್ಮ ಹುಡುಗ ನೋಡಿದ್ದು ಗನ್ನನ್ನು ಮಾತ್ರ. ಅಲ್ಲಿನ ಮೊಲದ ಕಾನೂನು ಇಲ್ಲಿನ ಮೊಲಕ್ಕೆ ಅನ್ವಯಿಸುವುದಿಲ್ಲ ಎಂದು ಆ ವಿಡಿಯೋ ಯಾಕೆ ಹೇಳೀತು?

ಇನ್ನೊಂದು ವಾದ ಸ್ವಲ್ಪ ತೂಕದ್ದು. 'ದುಡ್ಡಿದ್ದ ರಾಜರು, ದೊರೆಗಳು ಹುಲಿ ಹೊಡೆದು ಫೋಟೋ ತೆಗೆಸಿಕೊಂಡರು. ಬಡವ ಐದು ಸಾವಿರದ ಗನ್ನಲ್ಲಿ ಹಕ್ಕಿ ಹೊಡೆದರೆ ಮಾತ್ರ ನಿಮಗೆ ಕಣ್ಣು.' ರಾಜರು ಮಾಡಿದ್ದು ಅನ್ಯಾಯವೇ, ಒಪ್ಪುತ್ತೇನೆ. ಆದರೆ ಏರ್‌ಗನ್ ಹಿಡಿದವನು ಬಡವನೇ? ಬಡವನ ಮಾತು ಆಡುವುದಾದರೆ ಹಕ್ಕಿಪಿಕ್ಕಿಯವರ ಮಾತು ಆಡಿ. ಹಕ್ಕಿ ಹಿಡಿಯುವುದೇ ಅವರ ಕುಲಕಸುಬಾಗಿತ್ತು, ಹೊಟ್ಟೆಪಾಡಾಗಿತ್ತು. ಕಾಯ್ದೆ ಬಂತು, ಕಸುಬು ಹೋಯಿತು. ಈಗ ಅವರಲ್ಲಿ ಅನೇಕರು ಊರೂರು ತಿರುಗಿ ಗಿಡಮೂಲಿಕೆಯ ಎಣ್ಣೆ ಮಾರಿ ಬದುಕುತ್ತಿದ್ದಾರೆ. ಹಸಿವಿಗಾಗಿ ಬಲೆ ಹಾಕುತ್ತಿದ್ದವರು ಬಲೆ ಮಡಚಿಟ್ಟರು. ಹಸಿವೇ ಇಲ್ಲದ ನಮ್ಮ ಮನೆಯ ಗಂಡುಮಕ್ಕಳಿಗೆ ಅದು ಆಗದೆ?

ಬೆಳೆ ಕಾಯುವ ಪ್ರಶ್ನೆ ಬೇರೆ. ಹಂದಿ, ಮಂಗಗಳಿಂದ ರೈತ ಪಡುವ ಪಾಡು ತೋಟದ ಮನೆಯವಳಾದ ನನಗೆ ಹೊಸದಲ್ಲ. ಆದರೆ ಕೊತ್ತಂಬರಿ ಬೀಜದಷ್ಟು ಸೀಸಕ್ಕೆ ಹಂದಿ ಹೆದರುವುದಿಲ್ಲ. ಮಂಗಟ್ಟೆ ಅಡಿಕೆ ಕದ್ದದ್ದನ್ನು ನಾನು ಕಂಡಿಲ್ಲ. ಹಂದಿಯ ಹೆಸರು ಹೇಳಿ ಬೆಳವ ಹೊಡೆಯುವುದು ಯಾವ ನ್ಯಾಯ?

ಈಗ ಲೆಕ್ಕಕ್ಕೆ ಬರೋಣ, ಮನೆಖರ್ಚಿನ ಲೆಕ್ಕ ಬರೆಯುವವರು ನಾವೇ ತಾನೆ. ಒಂದು ಬೆಳವದ ತೂಕ ಹೆಚ್ಚುಕಡಿಮೆ 150 ಗ್ರಾಂ. ಪುಕ್ಕ, ಕರುಳು, ತಲೆ, ಕಾಲು ತೆಗೆದರೆ ಉಳಿಯುವುದು 80 ಗ್ರಾಂ ಎನ್ನಿ. ಗನ್ನಿಗೆ ಸುರಿದ ಐದು ಸಾವಿರಕ್ಕೆ ಸುಮಾರು ಇಪ್ಪತ್ತು ಕಿಲೋ ಕೋಳಿಮಾಂಸ ಬರುತ್ತದೆ. ಅಷ್ಟು ಮಾಂಸಕ್ಕೆ 250 ಬೆಳವ ಕೊಲ್ಲಬೇಕು. ಬೆಳವ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಗಂಡು ಹೆಣ್ಣು ಎರಡೂ ತಮ್ಮ ಗಂಟಲಿನ ಚೀಲದಲ್ಲಿ ಹಾಲಿನಂಥ ಪದಾರ್ಥ ಉತ್ಪತ್ತಿ ಮಾಡಿ ಮರಿಗೆ ಉಣಿಸುತ್ತವೆ. 250 ಬೆಳವ ಕೊಂದು ಗನ್ನಿನ ಅಸಲು ಹುಟ್ಟಿಸಿದ ಮನೆ ಯಾವುದಾದರೂ ಇದೆಯೇ? ಇದು ಉಳಿತಾಯವೂ ಅಲ್ಲ, ಊಟವೂ ಅಲ್ಲ. ಬರೀ ಚಟ. ಚಟಕ್ಕೆ ಅಗ್ಗದ ಬೆಲೆ ಕಟ್ಟಿದ್ದಾರೆ ಅಷ್ಟೆ.

ಇಲ್ಲಿಯೇ ಅಪ್ಪನ ಜಿಪುಣತನ ನೆನಪಾಗುವುದು. ಒಂದು ಈಡಿಗೆ ಬೆಲೆ ಇದ್ದಾಗ ಹೊಡೆಯುವ ಮುಂಚೆ ಯೋಚನೆ ಇತ್ತು. ಈಗ ಗುಂಡಿಗೆ ಐವತ್ತು ಪೈಸೆಯೋ ರೂಪಾಯಿಯೋ. ಹೊಡೆದರೆ ಹೋದದ್ದೇನು ಎಂಬ ಭಾವನೆ. ಓತಿಕ್ಯಾತ, ಅಳಿಲು, ಪಿಕಳಾರ, ತಂತಿಯ ಮೇಲಿನ ಮಿಂಚುಳ್ಳಿ, ಕಂಡದ್ದಕ್ಕೆಲ್ಲ ಒಂದು ಗುಂಡು. ತಿನ್ನುವುದಕ್ಕಲ್ಲ, ಬೀಳುತ್ತದೋ ಇಲ್ಲವೋ ನೋಡುವುದಕ್ಕೆ. ಬೇಟೆ ಅಗ್ಗವಾದದ್ದೇ ಅದರ ಅತಿ ದೊಡ್ಡ ಕೇಡು.

ಹುಡುಗರ ಕೈಗೆ ಏರ್‌ಗನ್ ಬಂದಮೇಲೆ ಹೀಗೆಯೇ ಆಗಬೇಕೆಂದಿಲ್ಲ. 1908ರಲ್ಲಿ ಮುಂಬಯಿಯ ಒಬ್ಬ ಹುಡುಗ ಆಟದ ಏರ್‌ಗನ್ನಿನಿಂದ ಗುಬ್ಬಿ ಹೊಡೆದ. ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಕಂಡು, ಇದು ಯಾವ ಗುಬ್ಬಿ ಎಂದು ಸೋದರಮಾವನನ್ನು ಕೇಳಿದ. ಮಾವ ಅವನನ್ನು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಆ ಹುಡುಗ ಸಲೀಂ ಅಲಿ. ಮುಂದೆಯೂ ಅವರು ಅಧ್ಯಯನಕ್ಕಾಗಿ ಹಕ್ಕಿ ಹೊಡೆದದ್ದುಂಟು, ಅದು ಆ ಕಾಲದ ಪದ್ಧತಿ. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಹುಡುಗ ಕೇಳಿದ, ಮನೆಯ ಹಿರಿಯರು ಉತ್ತರ ಹುಡುಕಲು ಕಳಿಸಿದರು. ನಮ್ಮ ಮನೆಯ ಹಿರಿಯರು 'ಭಲೇ' ಎಂದು ಚೀಲವನ್ನು ಅಡಿಗೆಮನೆಗೆ ಕಳಿಸುತ್ತಾರೆ.

ಗುರಿಯ ಹಂಬಲವಿದ್ದರೆ ಅದಕ್ಕೂ ದಾರಿಯಿದೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಹತ್ತು ಮೀಟರ್ ಏರ್‌ರೈಫಲಿನಲ್ಲಿ, ಅದೇ 4.5 ಮಿ.ಮೀ. ಗುಂಡಿನಲ್ಲಿ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ತಂದ ಮನು ಭಾಕರ್ ಹಿಡಿದದ್ದು ಏರ್‌ಪಿಸ್ತೂಲು. ಕೋವಿಯನ್ನು ಪೂಜಿಸುವ ಕೊಡಗಿನಲ್ಲೂ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಕಾಯಿ ಒಡೆದರೂ ಕೈಯ ಜಾಣ್ಮೆ ಕಾಣುತ್ತದೆ.

ಬಿಡಿಸಲಾಗದ ಚಟ ಎನ್ನುವವರಿಗೆ ಅರುಣಾಚಲ ಪ್ರದೇಶದ ಮಾತು ಹೇಳುತ್ತೇನೆ. ಬೇಟೆ ಅಲ್ಲಿನ ಬುಡಕಟ್ಟುಗಳ ಬದುಕಿನಲ್ಲೇ ಬೆರೆತದ್ದು. 2021ರ ಮಾರ್ಚಿನಲ್ಲಿ ಅಲ್ಲಿನ ಲುಮ್‌ಡುಂಗ್ ಎಂಬ ಹಳ್ಳಿಯಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಆ ವರ್ಷ ಮುಗಿಯುವ ಹೊತ್ತಿಗೆ 1,600ಕ್ಕೂ ಹೆಚ್ಚು ಏರ್‌ಗನ್‌ಗಳನ್ನು ಜನ ತಾವಾಗಿ ತಂದು ಒಪ್ಪಿಸಿದ್ದರು. ಅವರಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವೇ?

ಅಭಿಯಾನ ನಮ್ಮೂರಿಗೆ ಬರುವವರೆಗೆ ಕಾಯಬೇಕಾಗಿಲ್ಲ. ಗನ್ ಕೊಳ್ಳುವಾಗ ನಮ್ಮನ್ನು ಯಾರೂ ಕೇಳಲಿಲ್ಲ, ನಿಜ. ಆದರೆ ಬೇಟೆಯ ಅರ್ಧ ಕೆಲಸ ನಮ್ಮ ಕೈಯಲ್ಲಿದೆ. ಪುಕ್ಕ ಕೀಳುವ, ಮಸಾಲೆ ಅರೆಯುವ ಕೈ ನಿಂತರೆ, ತಾವೇ ಕೂತು ಬೆಳವದ ಕರುಳು ತೆಗೆಯುವ ಶೂರರು ಎಷ್ಟು ಜನ ಉಳಿಯುತ್ತಾರೆ ನೋಡೋಣ.

ಮುಂದಿನ ಸಲ ತವರಿಗೆ ಹೋದಾಗ ತಮ್ಮ ತಾನೇ ನಗುತ್ತ ಕೇಳಿದ, 'ಏನಕ್ಕಾ, ಹೊರಸಲು ಹಕ್ಕಿ ಬಂದಿದೆ, ಮಾಡಿಕೊಡಲ್ವಾ?' 'ನಾನು ಮಸಾಲೆ ಅರೆಯೋದಿಲ್ಲ ಕಣೋ. ಕೋಳಿ ತಂದ್ಕೊಡು, ಎಷ್ಟು ಬೇಕಾದ್ರೂ ಮಾಡ್ತೀನಿ' ಎಂದೆ. ಅವನ ಮುಖ ಸಣ್ಣದಾಯಿತು. ರಾತ್ರಿ ಊಟಕ್ಕೆ ಸರಿಯಾಗಿ ಮಾತಾಡಲಿಲ್ಲ. ನಾದಿನಿ ಒಲೆಯ ಮುಂದಿನಿಂದ ಎದ್ದು ಬಂದು, ನನ್ನ ಪಕ್ಕ ನಿಂತು, 'ನನಗೂ ಆಗಲ್ಲ' ಎಂದು ಮೆಲ್ಲಗೆ ಹೇಳಿದಳು. ಆ ಮನೆಗೆ ಬಂದು ಮೂವತ್ತು ವರ್ಷದಲ್ಲಿ ಅವಳು ಗಂಡನೆದುರು ಅಷ್ಟು ನೇರವಾಗಿ ಆಗಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ.

ಹೊರಸಲನ್ನು ಯಾರೂ ಬೇಯಿಸಲಿಲ್ಲ. ಬೆಳಿಗ್ಗೆ ಹುಡುಗನೇ ಒಯ್ದು ತೋಟದಲ್ಲಿ ಹೂತು ಬಂದ. ಗನ್ನು ಅವತ್ತಿನಿಂದ ಅಟ್ಟದ ಮೇಲಿದೆ. ಮಾರಿಲ್ಲ, ಮುರಿದಿಲ್ಲ. ಯಾವತ್ತಾದರೂ ಕೆಳಗಿಳಿಯಬಹುದು. ಇಳಿದರೂ ನಮ್ಮಿಬ್ಬರ ಉತ್ತರ ಅದೇ. ನಿಮ್ಮ ಅಡಿಗೆಕಟ್ಟೆಗೂ ಅಂಥ ಚೀಲ ಬಂದರೆ ಬಿಚ್ಚಬೇಡಿ. ತಂದವರ ಕೈಗೇ ವಾಪಸು ಕೊಡಿ.